ಲಕ್ಕಲಕಟ್ಟಿಯಲ್ಲಿ ಓಪನ್ ಬ್ಯಾಂಕಿಂಗ್: ಒಂದು ಕೈಪಿಡಿ

ಬೇಕಾಗುವ ಸಾಮಗ್ರಿ: ಲ್ಯಾಪ್‌ಟಾಪ್ ಒಂದು, ಬೆಂಗಳೂರಿನ ಬಂಡವಾಳಗಾರರು ಒಬ್ಬರು, ‘ಗ್ರಾಹಕನೇ ದೇವರು’ ಎಂಬ ಸ್ಲೈಡ್ ಒಂದು. ಗ್ರಾಹಕ ಸಿಕ್ಕರೆ ಸೇರಿಸಿಕೊಳ್ಳಬಹುದು. ಸಿಗದಿದ್ದರೂ ನಡೆಯುತ್ತದೆ.

ಹಂತ 1: ನಿಯಮ ಓದಿ. ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ಹೊರಡಿಸಿದ, 2021ರ ಸೆಪ್ಟೆಂಬರಿನಲ್ಲಿ ಚಾಲೂ ಆದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯೇ ನಮ್ಮ ದೇಶದ ಓಪನ್ ಬ್ಯಾಂಕಿಂಗ್. ಖಾತೆದಾರ ಒಪ್ಪಿದರೆ ಒಂದು ಬ್ಯಾಂಕಿನಲ್ಲಿರುವ ಅವನ ಲೆಕ್ಕ ಸಾಲ ಕೊಡುವ ಇನ್ನೊಂದು ಬ್ಯಾಂಕಿಗೆ ಹೋಗುತ್ತದೆ. ನಡುವೆ ನಿಂತ ಅಗ್ರಿಗೇಟರ್ ಅದನ್ನು ದಾಟಿಸಬೇಕು, ಅಷ್ಟೇ. ಬಿಚ್ಚಿ ಓದುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಇದನ್ನು ಗದಗ ಜಿಲ್ಲೆಯ ಲಕ್ಕಲಕಟ್ಟಿಯ ಕಟ್ಟೆಯ ಮೇಲೆ ವಿವರಿಸುವಾಗ ಯಾರಾದರೂ ನಕ್ಕರೆ ಬೇಸರಿಸಬೇಡಿ. ಯಾರ ಹೊಲದ ಉತಾರದಲ್ಲಿ ಯಾವ ಬ್ಯಾಂಕಿನ ಸಾಲದ ಬೋಜಾ ಕೂತಿದೆ ಎಂಬುದು ಊರಿಗೆಲ್ಲ ಮೊದಲಿನಿಂದಲೂ ಓಪನ್. ಕೇಳಿ ನೋಡುವ ಪದ್ಧತಿ ಮಾತ್ರ ಹೊಸದು.

ಹಂತ 2: ಒಪ್ಪಿಗೆ ಪಡೆಯಿರಿ. ಯಾವ ಲೆಕ್ಕ, ಯಾವ ಕೆಲಸಕ್ಕೆ, ಎಷ್ಟು ದಿನಕ್ಕೆ ಎಂದು ಹೇಳಿಯೇ ಕೇಳಬೇಕು. ಕೊಟ್ಟ ಒಪ್ಪಿಗೆ ವಾಪಸು ಪಡೆಯಲೂ ಬರಬೇಕು. ‘ಒಪ್ಪಿದೆ’ ಗುಂಡಿಯನ್ನು ಅಂಗೈಯಗಲ ಮಾಡಿ, ಕನ್ನಡದಲ್ಲಿ ಇಡಿ. ‘ವಾಪಸು’ ಗುಂಡಿಯನ್ನು ಮೂರು ಪುಟ ಒಳಗೆ, ಇಂಗ್ಲಿಷಿನಲ್ಲಿ ಇಡಿ. ಗ್ರಾಹಕಸ್ನೇಹಿ ವಿನ್ಯಾಸ ಎಂದರೆ ಇದೇ.

ಹಂತ 3: ಲೆಕ್ಕ ಓದಿ. ಹಿಂಗಾರಿ ಕಡಲೆ, ಬಿಳಿಜೋಳ ನಂಬಿದವರ ಪಾಸ್‌ಬುಕ್ ತಿಂಗಳುಗಟ್ಟಲೆ ಮಲಗಿರುತ್ತದೆ. ಮಾಲು ಮಾರಿದ ವಾರ ಎದ್ದು ಕೂತು, ಬೀಜ-ಗೊಬ್ಬರದ ಉದ್ರಿ ತೀರಿಸಿ ಮತ್ತೆ ಮಲಗುತ್ತದೆ. ತಿಂಗಳ ಪಗಾರ ನೋಡಿ ಪಳಗಿದ ನಿಮ್ಮ ಯಂತ್ರ ಇದನ್ನು ‘ಅಪಾಯ’ ಎನ್ನುತ್ತದೆ. ಯಂತ್ರವನ್ನೇ ನಂಬಿ. ಅದೇ ರೈತ ವರ್ಷಾ ವರ್ಷಾ ಬಾಕಿ ಚುಕ್ತಾ ಮಾಡಿದ ಲೆಕ್ಕ ದಲಾಲರ ಅಂಗಡಿಯ ಕೆಂಪು ರಟ್ಟಿನ ಖತಾವಣಿಯಲ್ಲಿದೆ ನಿಜ. ಆದರೆ ಖತಾವಣಿಗೆ ಎಪಿಐ ಇಲ್ಲವಲ್ಲ!

ಹಂತ 4: ಲಾಭ ಮಾಡಿ. ಕಡಲೆ ದುಡ್ಡು ಜಮಾ ಆದ ಗಳಿಗೆಯಲ್ಲೇ ‘ಅಭಿನಂದನೆಗಳು, ನಿಮಗೆ ಸಾಲ ಮಂಜೂರಾಗಿದೆ’ ಎಂಬ ಮೆಸೇಜು ಹೋಗಲಿ. ಕೈ ಖಾಲಿಯಿರುವ ಬಿತ್ತಿಗೆಯ ಹೊತ್ತಿನಲ್ಲಿ ಮಾತ್ರ ಬೇಡ.

ಎಚ್ಚರಿಕೆ: ಇದೇ ಗದಗ ಜಿಲ್ಲೆಯ ಕಣಗಿನಹಾಳದ ಕಡೆ ಸುಳಿಯಬೇಡಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ 1905ರಲ್ಲಿ ಸಹಕಾರಿ ಸಂಘ ಕಟ್ಟಿದರು. 1904ರ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬ ಮುಳುಗಿಸಿದರೆ ಉಳಿದವರು ತುಂಬಬೇಕು. ಹಾಗಾಗಿ ಪಕ್ಕದವನ ಬೆಳೆ, ಬಾಕಿ, ಬುದ್ಧಿ ಮೂರನ್ನೂ ಅರಿತೇ ಸಾಲ ಕೊಡಬೇಕಿತ್ತು. ಲೆಕ್ಕ ನೋಡುವವನ ಕಿಸೆಯೂ ಅದೇ ಲೆಕ್ಕದಲ್ಲಿ ಸಿಕ್ಕಿಕೊಂಡಿತ್ತು.

ಈ ವಿಚಾರ ತಲೆಗೆ ಹೊಕ್ಕರೆ ನೀವು ಕಂತನ್ನು ಸುಗ್ಗಿಗೆ ಹೊಂದಿಸಬಹುದು. ಸ್ಟೇಟ್‌ಮೆಂಟು, ನೋ ಡ್ಯೂ ಕಾಗದ ಎಂದು ರೈತನ ದಿನದ ಕೂಲಿ ಕೆಡಿಸದೆ ಇರಬಹುದು. ಸಾಲ ತಾನಾಗಿ ತಿರುಗಿ ಬಂದು, ನಿಜವಾದ ಲಾಭವೇ ಆಗಿಬಿಡಬಹುದು. ಹಾಗೇನಾದರೂ ಆದಲ್ಲಿ ಈ ಕೈಪಿಡಿಯ ಗ್ಯಾರಂಟಿ ರದ್ದಾಗುತ್ತದೆ.