ಖಾಲಿ ಮನೆಯ ಖಜಾಂಚಿ

ವಿಜಯನಗರದಿಂದ ಕೆಂಗೇರಿಯವರೆಗೆ ಎಲ್ಲೇ ಇಪ್ಪತ್ತು ಫ್ಲ್ಯಾಟಿನ ಕಟ್ಟಡವೊಂದು ಎದ್ದರೂ ಅಲ್ಲಿಗೊಬ್ಬ ಖಜಾಂಚಿ ರಾಯರು ತಾವಾಗಿಯೇ ಮೊಳೆಯುತ್ತಾರೆ. ಬ್ಯಾಂಕಿನಲ್ಲೋ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲೋ ಮೂವತ್ತು ವರ್ಷ ಸವೆಸಿ ನಿವೃತ್ತರಾದವರು. ಬೆಳಿಗ್ಗೆ ಮಾರುತಿ ಮಂದಿರಕ್ಕೆ ಮೂರು ಸುತ್ತು. ಆಮೇಲೆ ಎಕ್ಸೆಲ್.

ಎಕ್ಸೆಲ್ಲಿನ ಚೌಕಗಳನ್ನು ಅವರು ಸೆಲ್ ಎನ್ನುವುದಿಲ್ಲ. ಚೌಕಾಬಾರ ಆಡಿ ಬೆಳೆದವರು, 'ಮನೆ' ಎನ್ನುತ್ತಾರೆ. ಮನೆಗಳ ನಡುವೆ ಆರೇ ಸಂಬಂಧ: ಸಮ, ಸಮವಲ್ಲ, ಹೆಚ್ಚು, ಕಡಿಮೆ, ಹೆಚ್ಚು ಅಥವಾ ಸಮ, ಕಡಿಮೆ ಅಥವಾ ಸಮ. ಬೀಗರ ಸಂಬಂಧ ಇದಕ್ಕಿಂತ ಕಷ್ಟವಂತೆ.

ನೀರಿನ ಮೀಟರ್ ಓದಲು ಹೋದಾಗ ಬೀಗ ಹಾಕಿದ್ದರೆ ರಾಯರು ಆ ಮನೆಯನ್ನು ಖಾಲಿ ಬಿಡುತ್ತಾರೆ. ವಾಚ್‌ಮನ್ ಸೊನ್ನೆ ಬರೆದರೆ ಕೋಪ. "ಸೊನ್ನೆ ಅಂದ್ರೆ ನೋಡಿದೆ, ಓಡಿಲ್ಲ ಅಂತ ಕಣಯ್ಯಾ. ಖಾಲಿ ಅಂದ್ರೆ ನೋಡೇ ಇಲ್ಲ ಅಂತ." ಮಾತು ಸರಿಯೇ. 12, 8 ಮತ್ತು ಒಂದು ಖಾಲಿ ಮನೆಗೆ ಎಕ್ಸೆಲ್ ಸರಾಸರಿ ತೆಗೆದರೆ 10. ಖಾಲಿಗೆ ಸೊನ್ನೆ ತುಂಬಿದರೆ 6.67.

ಆದರೆ ಹೋಲಿಸಲು ಹೊರಟರೆ ಅದೇ ಎಕ್ಸೆಲ್ ಪ್ಲೇಟು ತಿರುಗಿಸುತ್ತದೆ. ಖಾಲಿ ಮನೆ ಸೊನ್ನೆಗೆ ಸಮವೇ? ಹೌದು. ಏನೂ ಬರೆಯದ ಪಠ್ಯಕ್ಕೆ ಸಮವೇ? ಅದಕ್ಕೂ ಹೌದು. ಗಂಡಿನ ಕಡೆಗೂ ಹೆಣ್ಣಿನ ಕಡೆಗೂ ತಲೆಯಾಡಿಸುವ ಮದುವೆ ದಲ್ಲಾಳಿಯ ಜಾಯಮಾನ.

ಹೀಗಾಗಿ ಒಂದು ತಿಂಗಳು ಲಿಫ್ಟ್ ಪಕ್ಕ ಅಂಟಿಸಿದ ಬಾಕಿದಾರರ ಪಟ್ಟಿಯಲ್ಲಿ ಇನ್ನೂ ಮಾರಾಟವಾಗದ ಫ್ಲ್ಯಾಟೂ ಇತ್ತು. ಗಡುವಿನ ದಿನಾಂಕ ಇವತ್ತಿಗಿಂತ ಕಡಿಮೆಯಾದರೆ 'ಬಾಕಿ' ಎಂಬುದು ಸೂತ್ರ. ಗಡುವು ಖಾಲಿ, ಖಾಲಿ ಎಂದರೆ ಸೊನ್ನೆ, ಮತ್ತು ಎಕ್ಸೆಲ್ ಪಂಚಾಂಗದಲ್ಲಿ ಸೊನ್ನೆ ಎಂದರೆ 1900ರ ಜನವರಿ 0. ಆಗ ವಿಜಯನಗರ ಬಡಾವಣೆಯೇ ಇರಲಿಲ್ಲ, ಮೇಂಟೆನೆನ್ಸ್ ಬಾಕಿ ಮಾತ್ರ ಇತ್ತು!

ಮಾರನೆಯ ತಿಂಗಳು ಇನ್ನೂ ಸೊಗಸು. ಕಟ್ಟಿದ ಹಣ 2500ಕ್ಕಿಂತ ಹೆಚ್ಚು ಅಥವಾ ಸಮವಾದರೆ 'ಸಂದಾಯ' ಎಂದು ಸೂತ್ರ ಬರೆದರು. ಮೂರನೇ ಮಹಡಿಯವರ ಮುಂದೆ ಮೊತ್ತದ ಬದಲು 'ನಾಳೆ ಕೊಡ್ತಾರಂತೆ' ಎಂದು ಟೈಪಿಸಿಕೊಂಡಿದ್ದರು. ಎಕ್ಸೆಲ್ 'ಸಂದಾಯ' ಅಂದಿತು. ಅದರ ಕಣ್ಣಿಗೆ ಯಾವ ಅಕ್ಷರವೂ ಯಾವ ಅಂಕಿಗಿಂತಲೂ ದೊಡ್ಡದು. ಕೋಟಿ ರೂಪಾಯಿಯಾದರೂ 'ನಾಳೆ'ಯ ಮುಂದೆ ಚಿಕ್ಕದೇ. ಬಸವೇಶ್ವರನಗರದ ಚೀಟಿ ವ್ಯವಹಾರ ಬಲ್ಲ ಯಾರಿಗೂ ಇದು ಹೊಸದಲ್ಲ.

ಪೈಸೆ ಕೊಡದ ಇನ್ನೊಂದು ಫ್ಲ್ಯಾಟಿಗೂ 'ಸಂದಾಯ' ಬಿದ್ದದ್ದೇಕೆಂದು ರಾಯರು ಎರಡು ದಿನ ತಲೆ ಕೆರೆದುಕೊಂಡರು. ಮನೆ ನೋಡಿದರೆ ಖಾಲಿ, ಖಾಲಿಯೇ ಅಂತ ಕೇಳಿದರೆ ಎಕ್ಸೆಲ್ 'ಅಲ್ಲ' ಅನ್ನುತ್ತಿತ್ತು. ರಾಜಾಜಿನಗರದಿಂದ ಬಂದ ಮೊಮ್ಮಗ ಅಳತೆ ಹಾಕಿ ಹೇಳಿದ: "ಒಳಗೊಂದು ಸ್ಪೇಸ್ ಇದೆ ತಾತ. ಅದೂ ಅಕ್ಷರಾನೇ." ಹೆಂಡತಿ ಲ್ಯಾಪ್‌ಟಾಪಿನ ಧೂಳು ಒರೆಸಿದ್ದರು.

ಅಂದು ಸಂಜೆ ರಾಯರು ಮುಖ ಊದಿಸಿಕೊಂಡು ಕೂತಿದ್ದರು.

"ರೀ, ಕಾಫಿಗೆ ಸಕ್ಕರೆ ಎಷ್ಟು?"

ಉತ್ತರವಿಲ್ಲ.

"ಖಾಲಿ ಬಿಟ್ರೆ ಸೊನ್ನೆ ಅಂದ್ಕೋತೀನಿ," ಎಂದು ಆಕೆ ಲೋಟ ತಂದಿಟ್ಟರು.