ಎರಡೇ ಎರಡು ಮಾತು

ಸರ್ಕಾರ 2022ರಲ್ಲಿ ಒಂದು ಆದೇಶ ಹೊರಡಿಸಿತು. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕು ಎಂದು. ವರ್ಷಗಟ್ಟಲೆ ಎಳೆದಾಡಿದ ವಿವಾದ ಹಾಗೆ ಬಗೆಹರಿಯಿತು. ಸಂತೋಷ. ನನಗೆ ಉಳಿದದ್ದು ಒಂದೇ ಕೊರಗು. ಹೇಗೂ ಗಡಿಯಾರ ಕೈಗೆ ತೆಗೆದುಕೊಂಡಿದ್ದರಲ್ಲ, ಅದೇ ಆದೇಶದ ಕೆಳಗೆ ಇನ್ನೊಂದು ಸಾಲು ಸೇರಿಸಿ, ನಾಡಗೀತೆ ಮುಗಿದ ಮೇಲೆ ಹೆಡ್ ಮೇಷ್ಟ್ರು ಎಷ್ಟು ಸೆಕೆಂಡು ಮಾತಾಡಬಹುದು ಅನ್ನುವುದನ್ನೂ ಗೊತ್ತುಮಾಡಿಬಿಡಬಹುದಿತ್ತು.

ಸರ್ಕಾರಿ ಬಾಲಕರ ಪ್ರೌಢಶಾಲೆಯ ಹೆಡ್ ಮೇಷ್ಟ್ರು ಯಾವ ಜಿಲ್ಲೆಯಲ್ಲಾದರೂ ದೂರದಿಂದಲೇ ಗುರುತು ಸಿಗುವಂಥವರು. ಇನ್‌ಶರ್ಟ್ ಮಾಡಿದ ತುಂಬುತೋಳಿನ ಅಂಗಿ, ಸೊಂಟದಲ್ಲಿ ಬೀಗದ ಕೈಗೊಂಚಲು, ಜೇಬಿನಲ್ಲಿ ಗೆಜೆಟೆಡ್ ಅಧಿಕಾರಿಯೆಂದು ಸಾರುವ ಹಸಿರು ಶಾಯಿಯ ಪೆನ್ನು, ಕೊರಳಲ್ಲಿ ಪಿ.ಟಿ. ಮೇಷ್ಟ್ರಿಂದ ಎರವಲು ತಂದು ವಾಪಸು ಕೊಡದ ಸೀಟಿ. ಶಾಲೆಯೇನಾದರೂ ಪದವಿಪೂರ್ವ ಕಾಲೇಜಿನೊಂದಿಗೆ ಸೇರಿಕೊಂಡಿದ್ದರೆ ಅವರ ಕೋಣೆಯ ಬಾಗಿಲ ಮೇಲೆ ‘ಉಪಪ್ರಾಂಶುಪಾಲರು’ ಎಂದು ಬರೆದಿರುತ್ತದೆ. ನಮ್ಮ ಶಾಲೆಯದೂ ಅದೇ ಕಥೆ. ನಮ್ಮ ಸಾಹೇಬರು ಪ್ರತಿ ಜನವರಿಯಲ್ಲಿ ಸೊಸೈಟಿ ಬ್ಯಾಂಕಿನ ಹೊಸ ಕ್ಯಾಲೆಂಡರನ್ನು ಸರಿಯಾಗಿ ಆ ‘ಉಪ’ದ ಮೇಲೆ ಬರುವಂತೆ ಮೊಳೆ ಹೊಡೆದು ತೂಗುಹಾಕಿಸುತ್ತಿದ್ದರು. ಕಾಲೇಜು ವಿಭಾಗದ ಪ್ರಿನ್ಸಿಪಾಲರು ಆ ಕಡೆ ಬಂದ ದಿನ ಮಾತ್ರ ಅಟೆಂಡರ್ ಓಡಿಬಂದು ಅದನ್ನು ತೆಗೆದಿಡುತ್ತಿದ್ದ.

ನಾನು ಅವರ ಕೈಕೆಳಗೆ ಕನ್ನಡ ಮೇಷ್ಟ್ರು. ವೇಳಾಪಟ್ಟಿಯಲ್ಲಿ ಹತ್ತನೇ ತರಗತಿಯ ಮೊದಲನೇ ಪಿರಿಯಡ್ಡು ನನ್ನದು. ಈ ಎರಡು ವಾಕ್ಯಗಳಲ್ಲೇ ನನ್ನ ದುಃಖವೆಲ್ಲ ಅಡಗಿದೆ, ಆದರೂ ಬಿಡಿಸಿ ಹೇಳುತ್ತೇನೆ.

ಪ್ರಾರ್ಥನೆ ಶುರುವಾಗುವುದು ಸರಿಯಾದ ಹೊತ್ತಿಗೇ. ನಾಡಗೀತೆ, ಸಂವಿಧಾನದ ಪೀಠಿಕೆ, ಪೇಪರಿನ ತಲೆಬರಹ, ಒಬ್ಬ ಹುಡುಗನ ಸುಭಾಷಿತ, ಇನ್ನೊಬ್ಬನ ಸಾಮಾನ್ಯಜ್ಞಾನದ ಪ್ರಶ್ನೆ. ಎಲ್ಲ ಚುರುಕಾಗಿ ಸಾಗುತ್ತದೆ. ಕೊನೆಗೆ ರಾಷ್ಟ್ರಗೀತೆಗೆ ಹುಡುಗರು ಸಾವಧಾನ್ ನಿಲ್ಲುವ ಹೊತ್ತಿಗೆ ಸಾಹೇಬರು ಒಂದು ಹೆಜ್ಜೆ ಮುಂದೆ ಬಂದು ಮೈಕಿನ ಕತ್ತು ಹಿಡಿಯುವರು. “ಮಕ್ಕಳೇ, ಎರಡೇ ಎರಡು ಮಾತು ಹೇಳಿ ಮುಗಿಸಿಬಿಡ್ತೀನಿ.” ಹುಡುಗರ ಸಾಲಿನಲ್ಲಿ ಒಂದು ನಿಟ್ಟುಸಿರು ಎಂಟನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಹಾದುಹೋಗುವುದು. ಅವರಿಗೆ ಹುಡುಗರು ಇಟ್ಟ ಹೆಸರೂ ಅದೇ, ಎರಡ್ಮಾತು. “ಲೋ, ಎರಡ್ಮಾತು ಬಂತು, ಚೀಟಿ ಒಳಗಿಟ್ಕೊಳ್ಳೋ.”

ಮೊದಲನೇ ಮಾತು ಜೀವನ, ಎರಡನೇ ಮಾತು ವಿದ್ಯೆ. ಜೀವನದಲ್ಲಿ ಅವರ ಬಾಲ್ಯ ಬರುತ್ತಿತ್ತು, ಬಾಲ್ಯದಲ್ಲಿ ಅವರೂರಿಗೂ ಶಾಲೆಗೂ ನಡುವಿನ ಹೊಳೆ ಬರುತ್ತಿತ್ತು. ಆ ಹೊಳೆಯ ವಿಷಯ ನಾನು ಸ್ವಲ್ಪ ಹೇಳಲೇಬೇಕು. ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ಅದು ಅವರ ಮೊಣಕಾಲಿಗೆ ಬರುತ್ತಿತ್ತು. ದಸರಾ ರಜೆ ಹೊತ್ತಿಗೆ ಸೊಂಟಕ್ಕೆ. ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ಕಂಡ ಮಾರನೆಯ ದಿನ ಕತ್ತಿಗೆ ಬಂದು ಪುಸ್ತಕದ ಚೀಲ ತಲೆಯ ಮೇಲೆ ಏರಿತು. ಜನವರಿಯಲ್ಲಿ ಪಕ್ಕದ ಹಳ್ಳಿಯ ಅಂಬಿಗ, ಹರಿಗೋಲು, ಒಂದು ಸುಳಿ ಎಲ್ಲ ಸೇರಿಕೊಂಡವು. ಎಮ್ಮೆ ಮೈತೊಳೆಯುವಷ್ಟೂ ನೀರಿಲ್ಲದ ಆ ಹಳ್ಳವನ್ನು ನಮ್ಮ ವಿಜ್ಞಾನದ ಮೇಷ್ಟ್ರು ಮದುವೆಗೆಂದು ಹೋದಾಗ ಕಣ್ಣಾರೆ ನೋಡಿ ಬಂದಿದ್ದರು. ಸ್ಟಾಫ್ ರೂಮಿನಲ್ಲಿ ಗುಟ್ಟಾಗಿ ಹೇಳಿದರು. ನಾವು ಯಾರೂ ಬಾಯಿ ಬಿಡಲಿಲ್ಲ. ವಾರ್ಷಿಕ ವೇತನ ಬಡ್ತಿಗೆ ಸಹಿ ಹಾಕುವವರ ಹೊಳೆಯ ಆಳ ಅಳೆಯಲು ಯಾರು ಇಳಿಯುತ್ತಾರೆ?

ವಿದ್ಯೆಯ ಭಾಗದಲ್ಲಿ ಬೀದಿದೀಪದ ಕೆಳಗೆ ಓದಿದ ವಿಶ್ವೇಶ್ವರಯ್ಯನವರು ಬರಲೇಬೇಕು. ಒಮ್ಮೆ ಹಿಂದಿನ ಸಾಲಿನ ಒಬ್ಬ ಬಡಪಾಯಿ, ಪಾಪ, ನಿಜವಾದ ಕಳಕಳಿಯಿಂದಲೇ ಇರಬೇಕು, “ಸಾರ್, ನಮ್ಮ ಬೀದಿ ದೀಪ ಕೆಟ್ಟು ಎರಡು ತಿಂಗಳಾಯ್ತು” ಅಂದುಬಿಟ್ಟ. ಅವತ್ತು ಎರಡನೇ ಪಿರಿಯಡ್ಡೂ ಹೋಯಿತು.

ಬಿಸಿಲಲ್ಲಿ ನಿಂತು ತಲೆ ತಿರುಗಿ ಬೀಳುವುದು ಹುಡುಗರ ಕೈಯಲ್ಲಿದ್ದ ಏಕೈಕ ಅಸ್ತ್ರ. ಮೊದಮೊದಲು ನಿಜವಾಗಿಯೇ ಬೀಳುತ್ತಿದ್ದರು. ಆಮೇಲೆ ಒಂಬತ್ತನೇ ‘ಬಿ’ ಸೆಕ್ಷನ್ನಿನವರು ಅದಕ್ಕೊಂದು ಪಾಳಿ ಮಾಡಿಕೊಂಡರು ಎಂದು ಮಾನಿಟರ್ ನನಗೆ ತಿಳಿಸಿದ. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಮೊದಲ ಪಿರಿಯಡ್ಡಿನ ಗಂಟೆ ಹೊಡೆದ ಮೇಲೂ ಯಾರೂ ಬೀಳದಿದ್ದರೆ ಆ ಸಾಲಿನ ಕಡೆ ಆಸೆಗಣ್ಣಿಂದ ನೋಡುತ್ತಿದ್ದೆ. ಆದರೆ ಸಾಹೇಬರು ಅದಕ್ಕೂ ಜಗ್ಗುವವರಲ್ಲ. ಬಿದ್ದವನನ್ನು ನೆರಳಿಗೆ ಒಯ್ಯಿಸಿ, ನೀರು ಕುಡಿಸಿ, ಹಣೆ ಮುಟ್ಟಿ ನೋಡಿ, ಮತ್ತೆ ಮೈಕಿಗೆ ಬಂದು “ಬೆಳಗಿನ ತಿಂಡಿಯ ಮಹತ್ವದ ಬಗ್ಗೆ ಎರಡೇ ಎರಡು ಮಾತು” ಎಂದು ಹೊಸದಾಗಿ ಶುರುಮಾಡುತ್ತಿದ್ದರು.

ಇಷ್ಟೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ತಿಂಗಳ ಕೊನೆಯ ಸ್ಟಾಫ್ ಮೀಟಿಂಗು. ಹಸಿರು ಪೆನ್ನು ಪಾಠಯೋಜನೆಯ ಮೇಲೆ ಆಡಿಸುತ್ತ, ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತ ಕೇಳುವರು, “ಏನ್ ಮೇಷ್ಟ್ರೇ, ಎಲ್ಲಾ ಸಬ್ಜೆಕ್ಟೂ ಮುಂದೆ ಹೋಗಿದೆ, ಕನ್ನಡ ಮಾತ್ರ ಇನ್ನೂ ಮೂರನೇ ಪದ್ಯದಲ್ಲೇ ಇದೆಯಲ್ಲ? ಮಾತೃಭಾಷೆ ಅಂತ ಸದರವೇ?” ನಾನು ಬಾಯಿ ತೆರೆಯುವೆ, ಗಣಿತದ ಮೇಡಂ ಮೇಜಿನ ಕೆಳಗೆ ನನ್ನ ಕಾಲು ತುಳಿಯುವರು, ನಾನು ಬಾಯಿ ಮುಚ್ಚುವೆ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತಮ್ಮ ಎರಡು ಮಾತು ಎರಡೇ ಎಂದು ಅವರು ಮನಃಪೂರ್ವಕ ನಂಬಿದ್ದರು.

ಉಳಿದ ಗುಣಗಳೆಲ್ಲ ಆ ಜಾತಿಯ ಎಲ್ಲರಲ್ಲೂ ಇರುವಂಥವೇ. ಚಾಕ್‌ಪೀಸನ್ನು ಎಣಿಸಿ ಕೊಡುವುದು. ಮಧ್ಯರಾತ್ರಿ ವಾಟ್ಸಾಪ್ ಗುಂಪಿನಲ್ಲಿ “ತುರ್ತು” ಎಂದು ಹಾಕಿ, ಬೆಳಿಗ್ಗೆ “ಹಿಂದಿನ ಸಂದೇಶ ಪರಿಗಣಿಸಬೇಡಿ” ಎನ್ನುವುದು. ಹಜಾರದ ಕಪ್ಪುಹಲಗೆಯ ಮೇಲೆ ದಿನಕ್ಕೊಂದು ಸ್ವಂತ ನುಡಿಮುತ್ತು ಬರೆಯುವುದು. “ಓದಿದವನೇ ಜಾಣ” ಎಂದು ಬರೆದ ದಿನ ಮಧ್ಯಾಹ್ನದೊಳಗೆ ಯಾರೋ ಅದನ್ನು “ಓಡಿದವನೇ ಜಾಣ” ಮಾಡಿದ್ದರು. ಯಾರೆಂದು ಪತ್ತೆಯಾಗಲಿಲ್ಲ. ಕಾಂಪೌಂಡು ಹಾರಿ ಹೋದವರ ಪಟ್ಟಿ ಮಾತ್ರ ಅವತ್ತು ಉದ್ದವಾಗಿತ್ತು.

ನಮ್ಮ ಶಾಲೆಯ ಎದುರಿಗೇ, ರಸ್ತೆ ದಾಟಿದರೆ, ಬಾಲಕಿಯರ ಪ್ರೌಢಶಾಲೆ. ಸಾಹೇಬರ ಜೀವಮಾನದ ಹೋರಾಟ ಆ ರಸ್ತೆಯ ಜೊತೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಅತ್ತಕಡೆ ಪಟಾಕಿ ಹೊಡೆದರೆ ಇತ್ತಕಡೆ ಕಿಟಕಿ ಮುಚ್ಚುತ್ತಿತ್ತು. ಇಡೀ ರಾಜ್ಯದಲ್ಲೇ ಹಾಗಾಗುವಾಗ ನಾವೇನು ಮಾಡುವುದು? 2024ರಲ್ಲಿ ಹುಡುಗಿಯರು ನೂರಕ್ಕೆ 81 ಮಂದಿ ಪಾಸಾದರೆ ಹುಡುಗರು 66 ಮುಟ್ಟಲೂ ತಿಣುಕಿದರು, ಅದೂ ಕೃಪಾಂಕ ಕೈಹಿಡಿದ ವರ್ಷ. ಬಿಇಒ ಕಚೇರಿಯ ಪರಾಮರ್ಶೆ ಸಭೆಯಲ್ಲಿ ಎಲ್ಲರೂ ಬೋರ್ಡು, ವೆಬ್ ಕ್ಯಾಮೆರಾ, ಪ್ರಶ್ನೆಪತ್ರಿಕೆ ಎಂದು ಕಾರಣ ಕೊಡುತ್ತಿದ್ದರೆ ನಮ್ಮವರು ಎದ್ದು ನಿಂತು ಒಂದೇ ವಾಕ್ಯ ಹೇಳಿ ಕೂತರಂತೆ: “ನಮ್ದು ಗಂಡುಮಕ್ಕಳ ಸ್ಕೂಲು ಸಾರ್.” ಅವರ ಬದುಕಿನಲ್ಲೇ ಅತಿ ಚಿಕ್ಕ ಭಾಷಣ ಅದು.

ಅಂಕಗಳ ಬಗ್ಗೆ ಅವರ ಹತ್ತಿರ ಎರಡು ತತ್ತ್ವಜ್ಞಾನಗಳಿದ್ದವು. ಮಾರ್ಚಿಗೆ ಮೊದಲು ಒಂದು, ಮೇ ತಿಂಗಳ ನಂತರ ಇನ್ನೊಂದು. ಮಾರ್ಚಿಗೆ ಮೊದಲು 625 ಅಂಕವೇ ಮನುಷ್ಯಜನ್ಮದ ಸಾರ್ಥಕತೆ. ಅದಕ್ಕೊಂದು ಕಮ್ಮಿಯಾದರೂ ಮುಂದೆ ದನ ಕಾಯಬೇಕಾದೀತು. ಫಲಿತಾಂಶ ಬಂದ ಮೇಲೆ, ಮೋರೆ ಸಣ್ಣದು ಮಾಡಿಕೊಂಡು ಬಂದ ಹುಡುಗರನ್ನು ಕೋಣೆಯೊಳಗೆ ಕರೆದು ಬೆಂಚಿನ ಮೇಲೆ ಕೂರಿಸಿ, “ಮಾರ್ಕ್ಸಲ್ಲಿ ಏನಿದೆಯೋ? ಡಿವಿಜಿ ಮೆಟ್ರಿಕ್ಕೇ ಪಾಸಾಗಿರಲಿಲ್ಲ, ಗೊತ್ತಾ? 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಅದೇ ಡಿವಿಜಿಯವರಿಗೆ ಡಾಕ್ಟರೇಟ್ ಕೊಟ್ಟರು. ಆರ್.ಕೆ. ನಾರಾಯಣ್ ಅಪ್ಪ ಮೈಸೂರಲ್ಲಿ ಹೆಡ್ ಮೇಷ್ಟ್ರು ಕಣೋ, ನನ್ನ ಹಾಗೇ. ಮಗ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಡುಮ್ಕಿ. ಆಮೇಲೆ ಏನಾದ ನೋಡು.” ಹುಡುಗರು ಡಿವಿಜಿ ಆಗುವ ಉತ್ಸಾಹದಲ್ಲಿ ಹೊರಡುವಾಗ ಬಾಗಿಲಲ್ಲಿ ಹಿಡಿದು ಎರಡನೇ ಪರೀಕ್ಷೆಯ ಅರ್ಜಿ ತುಂಬಿಸಿಕೊಳ್ಳುತ್ತಿದ್ದರು. ಶುಲ್ಕ ಕಟ್ಟಲಾಗದವರ ದುಡ್ಡು ಎಲ್ಲಿಂದ ಬರುತ್ತಿತ್ತು ಅಂತ ನಮ್ಮ ಗುಮಾಸ್ತರನ್ನು ಕೇಳಿದರೆ ಅವರು ಮೇಲೆ ಫ್ಯಾನ್ ನೋಡುತ್ತಿದ್ದರು.

ಒಂದು ಸೋಮವಾರ ಮೈಕು ಕೆಟ್ಟಿತು. ಬಾಯಲ್ಲೇ ಹೇಳಿ ಮುಗಿಸುವಷ್ಟರಲ್ಲಿ ಅವರ ಗಂಟಲು ಕಟ್ಟಿತ್ತು. ರುಜು ಮಾಡಿಸಲೆಂದು ಕೋಣೆಗೆ ಹೋದೆ. ಕಪಾಟಿನ ಪಕ್ಕ ಹಾಲಿನ ಪುಡಿಯ ಪಾಕೀಟು, ಅದರ ಮೇಲೆ ಹಂಚಬೇಕಾದ ಶೂಗಳ ಡಬ್ಬ, ಮೇಜಿನ ಮೇಲೆ ಮೊಟ್ಟೆ ಲೆಕ್ಕದ ವಹಿ. ಮೊಟ್ಟೆಯೊಂದಕ್ಕೆ ಸರ್ಕಾರ ಆಗ ಕೊಡುತ್ತಿದ್ದುದು 6 ರೂಪಾಯಿ. ಖರೀದಿ, ಗ್ಯಾಸು, ಸಿಪ್ಪೆ ಬಿಡಿಸುವ ಕೂಲಿ ಎಲ್ಲ ಅದರಲ್ಲೇ. ಅಂಗಡಿಯವನು ರೇಟು ಏರಿಸಿದ್ದ. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು, ಅದಕ್ಕೆ ಬೇರೆ ಕಾಲಂ. ನಮ್ಮ ಸಾಹೇಬರು ಕ್ಯಾಲ್ಕುಲೇಟರ್ ಒತ್ತುತ್ತ, ಅಳಿಸುತ್ತ, ಮತ್ತೆ ಒತ್ತುತ್ತ ಕೂತಿದ್ದರು. ಒಂದು ಕಾಲಕ್ಕೆ ಆ ಮನುಷ್ಯ ಥೇಲ್ಸನ ಪ್ರಮೇಯ ಹೇಳಿಕೊಡುತ್ತಿದ್ದರೆ ಪಕ್ಕದ ಸೆಕ್ಷನ್ನಿನ ಹುಡುಗರು ಕಿಟಕಿಗೆ ಜೋತುಬಿದ್ದು ಕೇಳುತ್ತಿದ್ದರಂತೆ. ಬಡ್ತಿ ಸಿಕ್ಕಿತು, ಪಾಠ ಹೋಯಿತು. ವೇಳಾಪಟ್ಟಿಯಲ್ಲಿ ಅವರ ಹೆಸರಿನ ಪಿರಿಯಡ್ಡುಗಳು ಆಗಲೂ ಇದ್ದವು, ಆದರೆ ಪ್ರತಿಸಲವೂ ಯಾವುದೋ ಸಭೆ, ಯಾವುದೋ ಆನ್‌ಲೈನ್ ಮಾಹಿತಿ, ಯಾರೋ ತಪಾಸಣೆಯವರು. ಇನ್ನೂರು ಮುನ್ನೂರು ಹುಡುಗರು ಅವರೆದುರು ನಿಂತು ಕೇಳುವುದು ದಿನಕ್ಕೊಂದೇ ಸಲ, ಪ್ರಾರ್ಥನೆಯ ಹೊತ್ತಿನಲ್ಲಿ. ಹಾಗೆಂದು ನನ್ನ ಪಿರಿಯಡ್ಡನ್ನೇ ನುಂಗಬೇಕಿತ್ತೇ ಎಂಬ ನನ್ನ ತಕರಾರು ತಕರಾರೇ. ಅವತ್ತಿನಿಂದ ಅದನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಿದ್ದೆ, ಅಷ್ಟೆ.

ಅವರ ಭಾಷಣಗಳ ಕಿರೀಟ ಸೆಪ್ಟೆಂಬರ್ 5ರದ್ದು. ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ, ತಾವೇ ಅದನ್ನು ಮೈಸೂರು ರೈಲ್ವೆ ಸ್ಟೇಷನ್ನಿನವರೆಗೆ ಎಳೆದ ಪ್ರಸಂಗ. ಪ್ರತಿ ವರ್ಷ ಅದನ್ನು ಹೇಳುವಾಗ ಅವರ ದನಿ ನಡುಗುತ್ತಿತ್ತು. ಹೇಳಿ ಮುಗಿಸಿ, ಹುಡುಗರ ಮುಖಗಳನ್ನು ಒಂದು ಸುತ್ತು ನೋಡುತ್ತಿದ್ದರು. ನಿವೃತ್ತಿ ಹತ್ತಿರ ಬಂದಂತೆ ಆ ನೋಟ ಕೊಂಚ ಹೆಚ್ಚು ಹೊತ್ತು ನಿಲ್ಲುತ್ತಿತ್ತು.

ಅರವತ್ತು ತುಂಬಿ ಬೀಳ್ಕೊಡುಗೆಯ ದಿನ ಬಂತು. ಶಾಲು, ಹಾರ, ಫಲತಾಂಬೂಲ, ಗಂಧದ ಮಾಲೆ ಹಾಕಿದ ಫೋಟೋ ಇದ್ದರೆ ತಿಥಿಯೇ ಅನ್ನುವಂಥ ಹೊಗಳಿಕೆ ಎಲ್ಲ ಮುಗಿದು, ಅವರು ತಮ್ಮ ಹಳೇ ಬಜಾಜ್ ಚೇತಕ್ ಹತ್ತಿರ ಬಂದರು. ಎಡಕ್ಕೆ ವಾಲಿಸಿ ಒದ್ದರು, ಸ್ಟಾರ್ಟ್ ಆಗಲಿಲ್ಲ. ಮತ್ತೆ ವಾಲಿಸಿ ಒದ್ದರು, ಆಗಲಿಲ್ಲ. ಒಂಬತ್ತನೇ ‘ಬಿ’ಯವರು, ಅದೇ ತಲೆ ತಿರುಗಿ ಬೀಳುವ ಪಾಳಿಯವರು, ಓಡಿಬಂದು “ಕೂತ್ಕೊಳ್ಳಿ ಸಾರ್” ಎಂದು ಸಾಹೇಬರನ್ನು ಹಾರ ಸಮೇತ ಸೀಟಿನ ಮೇಲೆ ಕೂರಿಸಿ ಗೇಟು ದಾಟಿಸಿ, ಬಾಲಕಿಯರ ಶಾಲೆಯ ಮುಂದಿನಿಂದಲೇ, ಬಸ್ ಸ್ಟ್ಯಾಂಡಿನ ಇಳಿಜಾರಿನವರೆಗೆ ತಳ್ಳಿಕೊಂಡು ಹೋದರು. ಮೈಸೂರಲ್ಲಿ ಎಳೆದರು, ನಮ್ಮೂರಲ್ಲಿ ತಳ್ಳಿದರು, ವ್ಯತ್ಯಾಸ ಅಷ್ಟೇ. ಪೆಟ್ರೋಲ್ ನಾಬು ಆಫ್ ಆಗಿತ್ತು ಎಂದು ಅಟೆಂಡರ್ ಆಮೇಲೆ ಆಣೆ ಮಾಡಿ ಹೇಳಿದ. ಆಫ್ ಮಾಡಿದವರು ಹುಡುಗರೋ ಸಾಹೇಬರೋ ಎಂಬುದರ ಮೇಲೆ ಸ್ಟಾಫ್ ರೂಮಿನಲ್ಲಿ ಈಗಲೂ ಎರಡು ಪಕ್ಷಗಳಿವೆ.

ಮೊನ್ನೆ ಅವರ ಕಾಲದ ಮೊಟ್ಟೆ ಲೆಕ್ಕಕ್ಕೆ ಆಡಿಟ್‌ನವರು ಒಂದು ಆಕ್ಷೇಪಣೆ ಹಾಕಿದ್ದರು. ವಿವರಣೆಗೆ ಸಹಿ ಬೇಕಿತ್ತು, ಮನೆಗೆ ಹೋದೆ. ಪಡಸಾಲೆಯಲ್ಲಿ ಚಾಪೆ ಹಾಸಿ ಏಳೆಂಟು ಹುಡುಗರು ಕೂತಿದ್ದರು, ಎಲ್ಲ ಗಣಿತದಲ್ಲಿ ಹೋದವರೇ. ಗೋಡೆಗೆ ಒರಗಿಸಿದ ಪುಟ್ಟ ಹಲಗೆಯ ಮೇಲೆ ಒಂದು ತ್ರಿಭುಜ. ಜೀವನದ ಬಗ್ಗೆ ಏನಾದರೂ ಬರಬಹುದು ಎಂದು ಬಾಗಿಲಲ್ಲೇ ಕಾದೆ. ಬರಲಿಲ್ಲ. “ದತ್ತ?” ಅಂದರು. ಒಬ್ಬ ಹೇಳಿದ. “ಸಾಧನೀಯ?” ಇನ್ನೊಬ್ಬ ಹೇಳಿದ. “ರಚನೆ?” ಯಾರೂ ಹೇಳಲಿಲ್ಲ. ಅವರು ಏನೂ ಅನ್ನದೆ ಚಾಕ್‌ಪೀಸನ್ನು ಒಬ್ಬನ ಕೈಗೆ ಕೊಟ್ಟು ಸುಮ್ಮನೆ ಕಾದರು. ಹುಡುಗ ತಲೆ ಕೆರೆದುಕೊಂಡ, ಗೆರೆ ಎಳೆದ, ಅಳಿಸಿದ, ಮತ್ತೆ ಎಳೆದ. ಅಷ್ಟು ಹೊತ್ತು ಬಾಯಿಮುಚ್ಚಿ ನಿಂತ ನಮ್ಮ ಸಾಹೇಬರನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ನನ್ನತ್ತ ತಿರುಗಿ ಕಾಗದ ತೆಗೆದುಕೊಂಡರು. ಓದಿದರು, ಅಭ್ಯಾಸಬಲದಿಂದ ಹಸಿರು ಪೆನ್ನು ತೆಗೆದರು, ನೆನಪಾಗಿ ಒಳಗಿಟ್ಟು ನೀಲಿಯದರಲ್ಲಿ ರುಜು ಹಾಕಿದರು. ಕನ್ನಡಕದ ಮೇಲಿಂದ ನೋಡಿ, “ಏನ್ ಮೇಷ್ಟ್ರೇ, ಎಷ್ಟನೇ ಪದ್ಯದಲ್ಲಿದೀರಿ?” ಅಂದರು.

ಈಗ ಬಂದಿರುವ ಹೆಡ್ ಮೇಡಂ ಮಿತಭಾಷಿ. ಪ್ರಾರ್ಥನೆ ಗಂಟೆ ಹೊಡೆಯುವುದಕ್ಕೆ ಮುಂಚೆಯೇ ಮುಗಿಯುತ್ತದೆ, ಮೊದಲ ಪಿರಿಯಡ್ಡು ಪೂರ್ತಿ ನನ್ನ ಕೈಲಿರುತ್ತದೆ.

“ಮೂರರಲ್ಲಿ, ಸಾರ್” ಅಂದೆ.