ನೆರಳಿಗೆ ನಂಬರ್ ಪ್ಲೇಟಿಲ್ಲ

ರಾಯಚೂರು ಸೀಮೆಯಲ್ಲಿ ಜಾಗ ಹಿಡಿಯುವ ವಿದ್ಯೆಯನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಬಸ್ಸು ಇನ್ನೂ ನಿಲ್ದಾಣದೊಳಗೆ ಹೊರಳುತ್ತಿರುವಾಗಲೇ ಕಿಟಕಿಯಿಂದ ಒಳಗೆ ಬೀಳುವ ಟವೆಲ್ಲಿಗೆ ಇರುವ ಬಲ ಯಾವ ಸರ್ಕಾರಿ ಆದೇಶಕ್ಕೂ ಇಲ್ಲ. ಟವೆಲ್ಲಿನ ಒಡೆಯ ಕಣ್ಣಿಗೆ ಕಾಣದಿದ್ದರೂ ಅವನೊಬ್ಬ ಇದ್ದಾನೆ, ಬಂದೇ ಬರುತ್ತಾನೆ, ಬಂದರೆ ಸುಮ್ಮನಿರುವುದಿಲ್ಲ ಎಂಬುದು ಬಸ್ಸಿಗೆಲ್ಲ ಗೊತ್ತು. ರೇಷನ್ ಅಂಗಡಿಯ ಮುಂದೆ ಚೀಲಗಳು ಪಾಳಿ ಹಚ್ಚಿ ನಿಂತಿರುತ್ತವೆ, ಚೀಲದ ಒಡತಿಯರು ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಾರೆ. ನಳದ ಮುಂದಿನ ಕೊಡದ ಸಾಲನ್ನು ಕೆಡಿಸಿದವನು ಆ ಓಣಿಯಲ್ಲಿ ಮತ್ತೆ ತಲೆಯೆತ್ತಿ ನಡೆಯಲಾರ. ಜಾತ್ರೆಯ ನಾಟಕಕ್ಕೆ ಸಂಜೆಯೇ ಹಾಸಿಟ್ಟ ಚಾಪೆಯ ಮೇಲೆ ನಾಯಿ ಮಲಗಬಹುದು, ಮನುಷ್ಯ ಕೂರುವುದಿಲ್ಲ.

ಇಂಥ ಶಿಸ್ತಿನ ಜನರ ಮುಂದೆ ಒಂದು ಕಬ್ಬಿಣದ ಕಂಬ ನೆಟ್ಟು, ಹಸಿರು ಬಣ್ಣ ಬಳಿದು, ‘ವಿದ್ಯುತ್ ಚಾಲಿತ ವಾಹನಗಳ ಚಾರ್ಜಿಂಗ್‌ಗೆ ಮಾತ್ರ’ ಎಂದು ಬರೆಸಿ ನೋಡಿ. ನಿಂತು ಪೂರ್ತಿ ಓದುತ್ತಾರೆ. ಓದಿ ಮುಗಿದ ಮೇಲೆ ಅದರ ಬುಡದಲ್ಲೇ ಗಾಡಿ ನಿಲ್ಲಿಸಿ, ಹ್ಯಾಂಡಲ್ ಲಾಕು ಹಾಕಿ, ಒಗ್ಗರಣಿ ಮಿರ್ಚಿ ತಿನ್ನಲು ಹೋಗುತ್ತಾರೆ.

ಇದನ್ನು ದೂರಾಗಿ ಹೇಳುತ್ತಿಲ್ಲ. ನಾನೂ ಬ್ಯಾಟರಿ ಗಾಡಿಯವನೇ. ಊರು ಯರಗೇರಾ, ರಾಯಚೂರಿನಿಂದ ಮಂತ್ರಾಲಯದ ದಾರಿಯಲ್ಲಿ ಸುಮಾರು 20 ಕಿಲೋಮೀಟರು. ನಮ್ಮೂರ ಹತ್ತಿರವೇ ವಿಶ್ವವಿದ್ಯಾಲಯದ ಕೃಷ್ಣತುಂಗಾ ಆವರಣ ಇರುವುದರಿಂದ ಹೊಸದೇನು ಬಂದರೂ ಮೊದಲು ಹುಡುಗರ ಕೈಗೆ, ಆಮೇಲೆ ನಮ್ಮಂಥ ಮಾಸ್ತರರ ಕೈಗೆ ಬರುತ್ತದೆ. ಸ್ಕೂಟರಿನ ಹಸಿರು ನಂಬರ್ ಪ್ಲೇಟು ನೋಡಿ ಹಿರಿಯರೊಬ್ಬರು ಕಟ್ಟೆಯಿಂದಲೇ ಕೇಳಿದರು: “ಏನ್ ಮಾಸ್ತರ, ಕೃಷಿ ಇಲಾಖಿಯವ್ರು ಗಾಡಿ ಕೊಟ್ಟಾರೇನು?” ಇಲ್ಲ ಕಾಕಾ, ಬ್ಯಾಟರಿ ಗಾಡಿಗೆಲ್ಲ ಹಸಿರು ಪ್ಲೇಟು, ಖಾಸಗಿಯದಾದರೆ ಅದರ ಮೇಲೆ ಬಿಳಿ ಅಕ್ಷರ, ಬಾಡಿಗೆಯದಾದರೆ ಹಳದಿ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಹಂಗಾದ್ರ ಬೀಜ-ಗೊಬ್ಬರದ್ದು ಏನರ ಇದ್ರ ನಮಗೂ ಹೇಳು” ಅಂದರು.

ಮನೆಯಲ್ಲಿ ಚಾರ್ಜಿಂಗಿಗೆ ತಾಪತ್ರಯವಿಲ್ಲ. ಅಂಗಳದ ಕಿಟಕಿಯಿಂದ ಒಂದು ವೈರು ಇಳಿಬಿಟ್ಟರೆ ರಾತ್ರಿ ಸುಮಾರು 3 ಯೂನಿಟ್ಟು ಕುಡಿದು ಬೆಳಗಿಗೆ ಸಿದ್ಧವಾಗಿರುತ್ತದೆ. ಅಷ್ಟರಲ್ಲಿ ರಾಯಚೂರಿಗೆ ಹೋಗಿ ಬಂದು, ಇನ್ನೂ ಗಿಲ್ಲೇಸೂಗೂರಿನ ಬೀಗರನ್ನು ಮಾತಾಡಿಸಿ ಬರುವಷ್ಟು ಉಳಿಯುತ್ತದೆ. ಈ ಗಾಡಿ ಗೃಹಜ್ಯೋತಿಯ ಪುಕ್ಕಟ ಕರೆಂಟಿನಲ್ಲಿ ಓಡುತ್ತದೆಂದು ಓಣಿಯ ತೀರ್ಮಾನ. ಹಾಗಿಲ್ಲ, 2022–23ರ ಬಳಕೆಯ ಸರಾಸರಿ ತೆಗೆದು, ಅದರ ಮೇಲೆ ಶೇಕಡಾ 10 ಸೇರಿಸಿದ ಲೆಕ್ಕಕ್ಕಷ್ಟೇ ಪುಕ್ಕಟ, ಆಗ ನನ್ನ ಹತ್ತಿರ ಈ ಗಾಡಿಯೇ ಇರಲಿಲ್ಲ, ಹಾಗಾಗಿ ಹೆಚ್ಚಿನ ಯೂನಿಟ್ಟಿಗೆ ಬಿಲ್ಲು ಕಟ್ಟುತ್ತಿದ್ದೇನೆ ಎಂದರೆ ನಂಬುವವರಿಲ್ಲ. ನಮ್ಮ ಮನೆಯಾಕೆ ಶಕ್ತಿ ಯೋಜನೆಯ ಬಸ್ಸಿನಲ್ಲಿ, ನಾನು ಗೃಹಜ್ಯೋತಿಯ ಸ್ಕೂಟರಿನಲ್ಲಿ, ಒಟ್ಟಿನಲ್ಲಿ ಮಾಸ್ತರರ ಸಂಸಾರವೇ ಸರ್ಕಾರದ ಖರ್ಚಿನಲ್ಲಿ ತಿರುಗುತ್ತದೆ ಎಂಬ ಕೀರ್ತಿಯನ್ನು ಈಗ ನಾವು ಅಲ್ಲಗಳೆಯುವುದನ್ನೇ ಬಿಟ್ಟಿದ್ದೇವೆ. ಮಜಾ ಎಂದರೆ ಬಸ್ಸಿನಲ್ಲಿ ಆಕೆಗೆ ಟವೆಲ್ಲಿನ ಬಲದಿಂದ ಸೀಟು ಸಿಗುತ್ತದೆ. ಬೋರ್ಡಿನ ಬಲ ನಂಬಿ ಹೋದ ನನಗೆ ಪಾರ್ಕಿಂಗ್ ಸಿಗುವುದಿಲ್ಲ.

ರಾಜ್ಯದ ಬೇರೆ ಕಡೆಯವರಿಗೆ ನಮ್ಮ ಜಿಲ್ಲೆ ಎಂದರೆ ನೆನಪಾಗುವುದು ಎರಡೇ: ಬಿಸಿಲು, ಕರೆಂಟು. ಎರಡನ್ನೂ ನಾವು ಹೇರಳವಾಗಿ ತಯಾರಿಸುತ್ತೇವೆ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಶುರುವಾಯಿತು. ಇವತ್ತು ಎಂಟು ಘಟಕ, 1720 ಮೆಗಾವ್ಯಾಟ್. ಸಾಲದೆಂದು ಯರಮರಸಿನಲ್ಲಿ ಮತ್ತೆ 1600 ಮೆಗಾವ್ಯಾಟ್. ಹಾರುಬೂದಿ ನಮಗೆ, ಬೆಳಕು ಎಲ್ಲರಿಗೂ. ಇಷ್ಟು ಕರೆಂಟು ಹುಟ್ಟುವ ಜಿಲ್ಲೆಯಲ್ಲಿ ಒಂದು ಕಾರು ಚಾರ್ಜಿಗೆ ಜಾಗ ಹುಡುಕಿಕೊಂಡು ತಿರುಗುವುದನ್ನು ನೋಡಿದರೆ ನಗು ಬರುತ್ತದೆ. ಕಾರಿನ ಒಳಗೆ ಕೂತವರಿಗೆ ಮಾತ್ರ ಬರುವುದಿಲ್ಲ.

ಹಾಗೆಂದು ಕಾಗದದ ಮೇಲೆ ನಮಗೆ ಯಾರೂ ಅನ್ಯಾಯ ಮಾಡಿಲ್ಲ. ವಿದ್ಯುತ್ ವಾಹನಗಳಿಗೆಂದೇ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ಅದಕ್ಕೂ ಹದಿನಾರು ವರ್ಷ ಮೊದಲೇ ಬೆಂಗಳೂರಿನ ರೇವಾ ಎಂಬ ಪುಟ್ಟ ಬ್ಯಾಟರಿ ಕಾರು ರಸ್ತೆಗಿಳಿದಿತ್ತು. 2018ರ ಡಿಸೆಂಬರಿನಲ್ಲಿ ಕೇಂದ್ರದ ವಿದ್ಯುತ್ ಸಚಿವಾಲಯ ಮಾರ್ಗಸೂಚಿ ಹೊರಡಿಸಿ, ನಗರವನ್ನು ಮೂರು ಕಿಲೋಮೀಟರ್ ಉದ್ದ, ಮೂರು ಕಿಲೋಮೀಟರ್ ಅಗಲದ ಚೌಕಗಳಾಗಿ ಮಾಡಿದರೆ ಪ್ರತಿ ಚೌಕದಲ್ಲೂ ಕನಿಷ್ಠ ಒಂದು ಚಾರ್ಜಿಂಗ್ ಕೇಂದ್ರ ಇರಬೇಕು, ಹೆದ್ದಾರಿಯಲ್ಲಾದರೆ ಪ್ರತಿ 25 ಕಿಲೋಮೀಟರಿಗೆ ರಸ್ತೆಯ ಎರಡೂ ಬದಿಗೆ ಒಂದೊಂದು ಇರಬೇಕು ಎಂದಿತು. ಮರುವರ್ಷ ಕಟ್ಟಡಗಳ ಮಾದರಿ ನಿಯಮ ತಿದ್ದಿ, ಹೊಸ ಕಟ್ಟಡದ ಪಾರ್ಕಿಂಗಿನಲ್ಲಿ ಶೇಕಡಾ 20ರಷ್ಟು ಜಾಗಕ್ಕೆ ಚಾರ್ಜಿಂಗ್ ಅನುಕೂಲ ಬೇಕೆಂದರು. ಪಾರ್ಕಿಂಗೇ ಇಲ್ಲದ ಕಟ್ಟಡಕ್ಕೆ ಶೇಕಡಾ 20 ಎಷ್ಟಾಗುತ್ತದೆ ಎಂಬ ಗಣಿತ ನಮ್ಮ ಪೇಟೆಯ ಬಜಾರಿನಲ್ಲಿ ನಿಂತಾಗೆಲ್ಲ ನನ್ನ ತಲೆಗೆ ಬರುತ್ತದೆ.

ಇರಲಿ. ಒಂದು ಮೇ ತಿಂಗಳ ಮಧ್ಯಾಹ್ನ ಪೇಟೆಯ ಅಂಥದೊಂದು ಮೀಸಲು ಜಾಗಕ್ಕೆ ಹೋದೆ. ಎಲ್ಲಿ, ಯಾರದು ಎಂದು ಹೇಳುವುದಿಲ್ಲ. ನಿಲ್ಲಿಸಿದವರೆಲ್ಲ ನನ್ನ ಪರಿಚಯದವರೇ. ಮೇಲೆ ತಗಡಿನ ಚಪ್ಪರ, ಕೆಳಗೆ ಹಸಿರು ಪಟ್ಟಿ. ಪಟ್ಟಿಯೊಳಗೆ ಎರಡು ಪೆಟ್ರೋಲ್ ಬೈಕು, ಹತ್ತಿ ಬೀಜದ ಚೀಲ ಹೇರಿದ ಒಂದು ಗೂಡ್ಸ್ ಗಾಡಿ, ಒಂದು ಆಟೋ, ಮತ್ತು ಯಾವ ನಂಬರ್ ಪ್ಲೇಟೂ ಇಲ್ಲದ ಮೂರು ಆಡು. ಆಟೋದ ಹಿಂದಿನ ಸೀಟಿನಲ್ಲಿ ಡ್ರೈವರು ಮುಖದ ಮೇಲೆ ಕರವಸ್ತ್ರ ಹಾಕಿಕೊಂಡು ಮಲಗಿದ್ದ.

“ಅಣ್ಣಾ, ಇದು ಬ್ಯಾಟರಿ ಗಾಡಿಗೆ ಇಟ್ಟ ಜಾಗ ಐತಿ” ಎಂದೆ.

ಕರವಸ್ತ್ರ ಅಲ್ಲಾಡಲಿಲ್ಲ, ಮಾತು ಬಂತು. “ನಮ್ದೂ ಬ್ಯಾಟರಿ ಗಾಡೀನ ಸರ. ಬ್ಯಾಟರಿ ಇಲ್ದ ಸೆಲ್ಫ್ ಹೊಡಿತೈತೇನ್ರಿ?”

ಈ ವಾದಕ್ಕೆ ಸಚಿವಾಲಯದ ಮಾರ್ಗಸೂಚಿಯಲ್ಲಿ ಉತ್ತರವಿಲ್ಲ. ಗೂಡ್ಸ್ ಗಾಡಿಯವನು ತಾನಾಗಿಯೇ ಸಮಾಧಾನ ಹೇಳಿದ: “ಚಾರ್ಜ್ ಹಚ್ಚಾಕ ನೀವೇನು ಒಳಗ ಬರೂದು ಬ್ಯಾಡ್ರಿ ಸರ. ವೈರ್ ಎಳೀರಿ, ಬಿಸಿಲಾಗ ಹಚ್ಕೋರಿ. ನಾವೇನ್ ಕರೆಂಟ್ ಮುಟ್ಟಂಗಿಲ್ಲ.” ಅವನು ಹೇಳಿದ್ದು ನಿಜ. ಅಲ್ಲಿ ಒಬ್ಬನಿಗೂ ನನ್ನ ಕರೆಂಟಿನ ಮೇಲೆ ಆಸೆಯಿರಲಿಲ್ಲ. ಎಲ್ಲರ ಕಣ್ಣೂ ತಗಡಿನ ಮೇಲೆ.

ಬೆಂಗಳೂರಿನಲ್ಲಿ ಕೂತು ಈ ಜಗಳ ನೋಡಿದವರು ಇದನ್ನು ಪೆಟ್ರೋಲಿಗೂ ವಿದ್ಯುತ್ತಿಗೂ ನಡೆದ ಯುದ್ಧ ಎಂದು ಬರೆಯುತ್ತಾರೆ. ಕ್ಯಾಲಿಫೋರ್ನಿಯದ ಕಾನೂನಿನಲ್ಲಿ ಇಂಥ ಜಾಗದಲ್ಲಿ ಚಾರ್ಜಿಗೆ ಜೋಡಿಸದೆ ಗಾಡಿ ನಿಲ್ಲಿಸಿದರೆ ಎಳೆದೊಯ್ಯಲು ಅವಕಾಶವಿದೆಯಂತೆ, ಇಲ್ಲೂ ತರಬೇಕು ಎನ್ನುತ್ತಾರೆ. ತರಲಿ. ಆದರೆ 42 ಡಿಗ್ರಿಯಲ್ಲಿ ಎಳೆದೊಯ್ಯಲು ಬಂದ ಕ್ರೇನಿನ ಡ್ರೈವರು ಮೊದಲು ಕ್ರೇನನ್ನು ಆ ಚಪ್ಪರದ ಕೆಳಗೇ ನಿಲ್ಲಿಸುತ್ತಾನೆ ಎಂಬುದನ್ನು ನಾನು ಬರೆದುಕೊಡಬಲ್ಲೆ. ನಮ್ಮಲ್ಲಿ ಮೇ ತಿಂಗಳಲ್ಲಿ ಬೈಕಿನ ಸೀಟಿನ ಮೇಲೆ ಕೂರಲು ಧೈರ್ಯ ಬೇಕು. ಪೇಟೆಯಲ್ಲಿ ಗಾಡಿ ನಿಲ್ಲಿಸುವವನು ಮೊದಲು ನೋಡುವುದು ಆಕಾಶವನ್ನು, ಆಮೇಲೆ ಗೋಡೆಯನ್ನು, ಎರಡು ತಾಸಿನ ನಂತರ ನೆರಳು ಎತ್ತ ಸರಿಯುತ್ತದೆಂದು ಮನಸ್ಸಿನಲ್ಲೇ ಗೀಟು ಹಾಕಿಕೊಳ್ಳುತ್ತಾನೆ. ಖಗೋಳಶಾಸ್ತ್ರದ ಈ ಪ್ರಾಯೋಗಿಕ ತರಗತಿಯಲ್ಲಿ ಫೇಲಾದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. ಅಂಥವರ ನಡುವೆ ಇಡೀ ಬೀದಿಗೆ ಒಂದೇ ಚಪ್ಪರ ಹಾಕಿ, ಅದನ್ನು ಊರಲ್ಲಿ ಬೆರಳೆಣಿಕೆಯಷ್ಟಿರುವ ಗಾಡಿಗಳಿಗೆ ಬರೆದುಕೊಟ್ಟರೆ ಅದಕ್ಕೆ ಮೀಸಲಾತಿ ಎನ್ನುವುದಿಲ್ಲ, ಕೆಣಕುವುದು ಎನ್ನುತ್ತಾರೆ.

ಹಾಗಂತ ಚಪ್ಪರ ಬ್ಯಾಟರಿ ಗಾಡಿಯ ಶೋಕಿಯೂ ಅಲ್ಲ. ನಮ್ಮ ಗಾಡಿಗಳ ಲಿಥಿಯಂ ಬ್ಯಾಟರಿಗೆ ಸೆಕೆ ಆಗಿಬರುವುದಿಲ್ಲ. ಅದರ ಒಳಮೈ 45 ಡಿಗ್ರಿಯ ಸುತ್ತ ಮುಟ್ಟಿತೆಂದರೆ ಒಳಗಿನ ಕಾವಲು ಯಂತ್ರ ಚಾರ್ಜಿಂಗಿನ ವೇಗ ತಗ್ಗಿಸುತ್ತದೆ, ಇಲ್ಲವೇ ನಿಲ್ಲಿಸಿಯೇ ಬಿಡುತ್ತದೆ. ಬಿಸಿಲಿನಲ್ಲಿ ಓಡಿಸಿಕೊಂಡು ಬಂದು ಬಿಸಿಲಿನಲ್ಲೇ ವೈರು ಹಚ್ಚಿದರೆ ಅರ್ಧ ತಾಸಿನ ಕೆಲಸ ಊಟದ ಹೊತ್ತು ಮೀರಿದರೂ ಮುಗಿಯದು. ಗೂಡ್ಸ್ ಗಾಡಿಯ ಅಣ್ಣನ ಸಲಹೆ ಪಾಲಿಸಿದ ನನಗೆ ಮೀಟರಿನ ಅಂಕಿ ಏರುವುದನ್ನು ನೋಡುವ ಪುರಸೊತ್ತೂ, ತಲೆ ಮೇಲೆ ಕಾಯ್ದ ಹೆಲ್ಮೆಟ್ಟೂ ದಂಡಿಯಾಗಿ ದೊರೆತವು.

ನಿಂತಲ್ಲಿ ಇನ್ನೊಂದು ಸತ್ಯವೂ ಕಂಡಿತು. ಚಪ್ಪರದ ತುದಿಯಲ್ಲಿ ಒಂದು ಬ್ಯಾಟರಿ ಕಾರು, ನ್ಯಾಯವಾಗಿ ವೈರು ಹಚ್ಚಿಸಿಕೊಂಡು ನಿಂತಿತ್ತು. ಚಾರ್ಜು ಪೂರ್ತಿಯಾಗಿ ಯಾವ ಕಾಲವಾಗಿತ್ತೋ, ಹಸಿರು ದೀಪ ಉರಿಯುತ್ತಿತ್ತು. ಯಜಮಾನರ ಪತ್ತೆಯಿಲ್ಲ. ಕಾರಿಗೆ ಮೂವತ್ತು-ನಲವತ್ತು ಯೂನಿಟ್ಟು ಬೇಕು. ನಿಧಾನದ ಚಾರ್ಜರಾದರೆ ರಾತ್ರಿಯೆಲ್ಲ ಹಿಡಿಯುತ್ತದೆ, ವೇಗದ್ದಾದರೆ ಒಂದು ತಾಸು. ವೇಗದ ಚಾರ್ಜರಿನ ಮುಂದೆ ಕಾರು ನಿಲ್ಲಿಸಿ ನಿಧಾನವಾಗಿ ಊಟ, ನಿದ್ದೆ, ಸೀರೆ ಖರೀದಿ ಮುಗಿಸಿ ಬರುವವರನ್ನು ಯಾವ ಬೋರ್ಡೂ ತಡೆಯುವುದಿಲ್ಲ. ಬೋರ್ಡು ಅವರ ಪರವಾಗಿಯೇ ಇದೆಯಲ್ಲ! ಆಮೇಲೆ ಬಂದ ಅವರು ನನ್ನನ್ನು ನೋಡಿ, ಆಟೋದ ಕಡೆ ಬೆರಳು ಮಾಡಿ, “ಈ ಜನಕ್ಕೆ ಸಿವಿಕ್ ಸೆನ್ಸ್ ಇಲ್ಲ ನೋಡಿ” ಎಂದರು. ಆಟೋದವನು ಇಬ್ಬರು ಸವಾರಿ ಸಿಕ್ಕ ಕೂಡಲೇ ಎದ್ದು ಹೋಗುವವನು. ಇವರು ಎಬ್ಬಿಸಿದರೂ ಏಳದವರು. ನನಗೆ ಆಟೋದವನೇ ಮೇಲೆನಿಸಿದ.

ನಿಜ ಹೇಳಬೇಕೆಂದರೆ ಈ ಮೀಸಲು ಜಾಗ ನನಗಾಗಿ ಇರಬೇಕಾದ್ದೇ ಅಲ್ಲ. ಅಂಗಳ, ಕಿಟಕಿ, ಸ್ವಿಚ್ಚು ಇರುವ ಸ್ಕೂಟರಿನವನು ಮನೆಯಲ್ಲೇ ಹಚ್ಚಿಕೊಳ್ಳಲಿ. ಬೇಕಾಗಿರುವುದು ಹೈದರಾಬಾದಿನ ಕಡೆಯಿಂದ ರಾಯರ ದರ್ಶನಕ್ಕೆಂದು ನಮ್ಮೂರ ಮೇಲೆ ಹಾದುಹೋಗುವ ಕಾರಿನವರಿಗೆ. ಅವರಿಗಿಂತ ಹೆಚ್ಚಾಗಿ, ಬಾಡಿಗೆ ಖೋಲಿಯಲ್ಲಿ ಒಂದೇ ಬಲ್ಬು, ಒಂದೇ ಪ್ಲಗ್ಗು ಇಟ್ಟುಕೊಂಡು, ಸಾಲ ಮಾಡಿ ಬ್ಯಾಟರಿ ಆಟೋ ಕೊಂಡ ಹುಡುಗರಿಗೆ. ದೇವದುರ್ಗ, ಮಾನ್ವಿಯ ಬಸ್ ನಿಲ್ದಾಣಗಳ ಮುಂದೆ ಸವಾರಿಗೆ ಕಾಯುವವರು ಅವರು. ಮಧ್ಯಾಹ್ನ ಚಾರ್ಜು ಮುಗಿದರೆ ಅವರ ಸಂಜೆಯ ದುಡಿಮೆ ಮುಗಿದಂತೆ. ನನ್ನನ್ನು ಕೇಳಿದರೆ ಮೊದಲ ಪಾಳಿ ಅವರದು, ಕಾರು ಆಮೇಲೆ.

ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ದೊಡ್ಡ ಶಾಸನದ ಕಲ್ಲಿದೆಯಲ್ಲ, ನಲವತ್ತೊಂದು ಅಡಿಯದು, ಅದನ್ನು ಬಂಡಿಯ ಮೇಲೆ ಹೇರಿ ಎಳೆದುತಂದ ಚಿತ್ರವನ್ನೂ ಅಲ್ಲಿಯೇ ಕೆತ್ತಿದ್ದಾರೆ. ಅಷ್ಟು ದೂರ ಎಳೆದ ಜಾನುವಾರುಗಳನ್ನು ಎಲ್ಲಿ ನಿಲ್ಲಿಸಿದರು, ಯಾವ ಮರದ ಕೆಳಗೆ ಮೇವು ಹಾಕಿದರು ಎಂದು ಕೆತ್ತಿಲ್ಲ. ಕೆತ್ತುವಂಥ ಸಂಗತಿಯೇ ಅಲ್ಲ ಅದು. ನಮ್ಮ ಅಜ್ಜಂದಿರ ಕಾಲದ ಸಂತೆಗಳಲ್ಲೂ ಹಾಗೆಯೇ: ಎತ್ತು ಬಿಚ್ಚಲು ಬೇವಿನ ಮರಗಳ ಸಾಲು, ಪಕ್ಕದಲ್ಲಿ ನೀರಿನ ತೊಟ್ಟಿ, ತಂದ ಮೇವು ತಿಂದು ಎತ್ತು ಮತ್ತೆ ಮನೆಗೆ ಬರುವಷ್ಟು ಚಾರ್ಜಾಗುತ್ತಿತ್ತು. ಮರ ಹೆಚ್ಚಿದ್ದವು, ಹಾಗಾಗಿ ‘ಎತ್ತುಗಳಿಗೆ ಮಾತ್ರ’ ಎಂಬ ಬೋರ್ಡು ಯಾರಿಗೂ ಬೇಕಾಗಲಿಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ಯರಗೇರಾದ ಒಬ್ಬ ಮಾಸ್ತರನ ವಿನಂತಿ ಇಷ್ಟು. ಎರಡು ಗಾಡಿ ಚಾರ್ಜಿಂಗಿಗೆ ಜಾಗ ಬಿಡುವಲ್ಲಿ ಇಪ್ಪತ್ತು ಗಾಡಿಗಾಗುವಷ್ಟು ಚಪ್ಪರ ಹಾಕಿ. ಆ ಚಪ್ಪರದ ಮೇಲೆ ಸೌರ ಫಲಕ ಇಟ್ಟರೆ ನಮ್ಮ ಬಿಸಿಲೂ ಒಂದು ದುಡಿಮೆ ಕಂಡೀತು. ಸುತ್ತ ನಾಲ್ಕು ಬೇವಿನ ಸಸಿ ನೆಡಿ, ನೆಟ್ಟ ದಿನ ಫೋಟೊ ತೆಗೆಸಿಕೊಂಡವರೇ ಮೂರು ಬೇಸಿಗೆ ನೀರು ಹಾಕಲಿ. ಕಾವಲಿಗೆ ಸಿಬ್ಬಂದಿ ಇಲ್ಲವೆಂದರೆ ಚಾರ್ಜರಿನ ಪಕ್ಕದಲ್ಲಿ ಯಾರಾದರೂ ಅಕ್ಕನಿಗೆ ಬಾಡಿಗೆಯಿಲ್ಲದೆ ಚಹಾ ಅಂಗಡಿ ಹಾಕಲು ಬಿಡಿ. ಹಸಿರು ದೀಪ ಹತ್ತಿದ ಮೇಲೂ ಕಾರು ಕದಲದಿದ್ದರೆ ಆಕೆ ಅದರ ಯಜಮಾನನನ್ನು ಯಾವ ಅಂಗಡಿಯಲ್ಲಿದ್ದರೂ ಕೂಗಿ ಕರೆಸುತ್ತಾಳೆ, ಪಾಳಿ ತಪ್ಪಿಸಿದವನಿಗೆ ಚಹಾ ಕೊಡುವುದಿಲ್ಲ. ಇದಕ್ಕಿಂತ ದೊಡ್ಡ ದಂಡ ನಮ್ಮ ಕಡೆ ಇಲ್ಲ. ಬೋರ್ಡನ್ನು ಆಮೇಲೆ ಬರೆಸಿದರಾಯಿತು, ಅವಸರವೇನಿಲ್ಲ.